ಎಪ್ಪತ್ತಮೂರನೆಯ ಹಾಳೆಯ ಅಂಟು

"ಉಗುರು ತಾಗಿಸ್ಬೇಡ," ಎಂದರು ರೆಬ್ ಝೆಲಿಗ್, ಮೂರನೆಯ ಸಲ.

ಅನ್ಶೆಲ್ ಉಗುರು ತಾಗಿಸಿರಲಿಲ್ಲ. ಅವನ ಕೈಯಲ್ಲಿದ್ದದ್ದು ಮೂಳೆಯ ಚಪ್ಪಟೆ ಕಡ್ಡಿ. ಐನೂರು ಚಿಲ್ಲರೆ ವರ್ಷದ ಹಿಂದೆ ಇಟಲಿಯ ಒಂದು ಸಣ್ಣ ಊರಿನಲ್ಲಿ ಹೀಬ್ರೂ ಅಕ್ಷರದಲ್ಲಿ ಅಚ್ಚಾದ ಯೆಹೂದಿ ಧರ್ಮಶಾಸ್ತ್ರದ ಗ್ರಂಥ ಬಿಳಿ ಬಟ್ಟೆಯ ಮೇಲೆ ಎಪ್ಪತ್ತಮೂರನೆಯ ಹಾಳೆಗೆ ತೆರೆದುಕೊಂಡಿತ್ತು. ಆ ಹಾಳೆ ಆ ಗ್ರಂಥದ್ದಲ್ಲ. ಅರವತ್ತರಿಂದ ತೊಂಬತ್ತರವರೆಗೆ ನೆಟ್ಟಗೆ ಕೊರೆದುಕೊಂಡು ಹೋದ ಹುಳು ಇದೊಂದು ಹಾಳೆಯನ್ನು ಮಾತ್ರ ಹಾರಿ ದಾಟಿರಲಾರದು ಎಂದು ಕಳೆದ ವಾರ ಕಂಡುಹಿಡಿದವನು ಅನ್ಶೆಲನೇ.

ಯಾರೋ ಬೇರೊಂದು ಹರಕು ಪ್ರತಿಯ ಹಾಳೆ ತಂದು ಇಲ್ಲಿ ಅಂಟಿಸಿ, ಅಸಲನ್ನು ಎತ್ತಿಕೊಂಡು ಹೋಗಿದ್ದರು. ಅಸಲಿನ ಅಂಚಿನಲ್ಲಿ ಮುನ್ನೂರೈವತ್ತು ವರ್ಷದ ಹಿಂದಿನ ಒಬ್ಬ ಮಹಾ ರಬ್ಬಿ ಸ್ವಂತ ಕೈಯಿಂದ ಬರೆದ ಆರು ಸಾಲುಗಳಿದ್ದವು. ಗ್ರಂಥದ ಜೀವವೆಲ್ಲ ಆ ಆರು ಸಾಲಿನಲ್ಲಿತ್ತು. ಉಳಿದದ್ದು ಜಗತ್ತಿನಲ್ಲಿ ಇನ್ನೂ ಏಳೆಂಟು ಕಡೆ ಸಿಗುತ್ತದೆ.

ಕೋಣೆಯಲ್ಲಿ ಮೂವರಿದ್ದರು. ರೆಬ್ ಎಂದು ಬೀದಿಯವರು ಗೌರವಕ್ಕೆ ಕರೆಯುವ ಝೆಲಿಗ್, ಜೆರುಸಲೇಮಿನ ಗೆಉಲಾ ಬೀದಿಯಲ್ಲಿ ನಲವತ್ತು ವರ್ಷ ಪರದೆ ಬಟ್ಟೆ ಮಾರಿ, ಬಂದದ್ದನ್ನೆಲ್ಲ ಪುಸ್ತಕಕ್ಕೆ ಸುರಿದ ಮುದುಕರು. ಅವರ ಹೆಂಡತಿ ಫ್ರೂಮೆಟ್ ಇಷ್ಟು ವರ್ಷವಾದರೂ ಈ ಕೋಣೆಯೊಳಗೆ ಚಹಾದ ಲೋಟ ತರುವಂತಿಲ್ಲ. ಹೊಸ್ತಿಲಲ್ಲಿ ನಿಂತು, ಆರಿಹೋಗುತ್ತಿದೆ ಎಂದು ಗೊಣಗಿ ವಾಪಸು ಹೋಗುತ್ತಾಳೆ.

ಎರಡನೆಯವನು ಅನ್ಶೆಲ್. ಹಳೆಯ ಪುಸ್ತಕಗಳ ಹಾಳೆ ಎಣಿಸಿ, ಪೂರ್ತಿ ಇದೆಯೇ, ನಕಲೇ, ತೇಪೆಯೇ ಎಂದು ಹೇಳುವುದು ಅವನ ಕಸುಬು. ಬೀದಿಯಲ್ಲಿ ಅವನಿಗೆ ಪುಸ್ತಕದ ಡಾಕ್ಟರ್ ಎಂದೇ ಹೆಸರು. ಅರ್ಧ ಗೌರವ, ಅರ್ಧ ಲೇವಡಿ.

ಮೂರನೆಯವನು ಗೆಟ್ಸೆಲ್, ರಬ್ಬಿ ಯೆರುಹಾಮರ ನ್ಯಾಯಪೀಠದ ಲಿಪಿಕಾರ. ಬೀದಿಯ ಮದುವೆಯ ಪತ್ರ, ವಿಚ್ಛೇದನದ ಪತ್ರ, ಮಾರಾಟದ ಪತ್ರ ಎಲ್ಲವೂ ಅವನ ಲೇಖನಿಯಿಂದಲೇ ಇಳಿಯಬೇಕು. ಇವತ್ತು ಅವನು ಬಂದದ್ದು ಲಿಪಿಕಾರನಾಗಿ ಅಲ್ಲ, ಬೀಗನಾಗಿ. ಅವನ ಮಗ ಶ್ಮೆಲ್ಕೆಗೂ ಪುಸ್ತಕ ಕಟ್ಟುವ ಫೈವೆಲನ ಮಗಳು ಹಿಂಡಾಗೂ ಇನ್ನು ಮೂರು ವಾರಕ್ಕೆ ಮದುವೆ. ಆ ಫೈವೆಲನ ಮೇಲೆಯೇ ಈಗ ಇಡೀ ಬೀದಿಯ ಬೆರಳು ತಿರುಗಿತ್ತು.

ತಿರುಗದೆ ಇನ್ನೇನು? ಪುರಿಮ್ ಹಬ್ಬದ ದಿನ ರೆಬ್ ಝೆಲಿಗ್ ಮನೆಗೆ ಬಂದವರಿಗೆಲ್ಲ ಆ ಆರು ಸಾಲು ತೋರಿಸಿದ್ದರು. ಆಮೇಲೆ ಅವರು ಆ ಹಾಳೆ ತೆರೆದಿರಲಿಲ್ಲ, ಗ್ರಂಥ ಮನೆಯ ಹೊಸ್ತಿಲು ದಾಟಿದ್ದೂ ಒಂದೇ ಸಲ. ಬೇಸಿಗೆಯಲ್ಲಿ, ಬೆನ್ನು ಸಡಿಲವಾಗಿದೆ ಎಂದು, ಹನ್ನೆರಡು ದಿನ ಫೈವೆಲನ ಅಂಗಡಿಗೆ. ಬೀರುವಿನ ಕೀಲಿ ಮುದುಕರ ಕೊರಳಿನಲ್ಲೇ ಇರುತ್ತದೆ. ಹಾಗಿದ್ದ ಮೇಲೆ ಇನ್ನಾರು ಎಂದು ಬೀದಿ ಕೇಳುತ್ತಿತ್ತು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಪ್ರಶ್ನೆ ನ್ಯಾಯಪೀಠದ ಮುಂದೆ ಬರಲಿತ್ತು.

ಹುಳು ಕೊರೆದ ತೂತನ್ನು ತಾನು ಎತ್ತಿ ತೋರಿಸದೆ ಇದ್ದಿದ್ದರೆ ಫೈವೆಲ್ ನೆಮ್ಮದಿಯಾಗಿ ಮಗಳ ಮದುವೆ ಮಾಡುತ್ತಿದ್ದ ಎಂಬುದು ಅನ್ಶೆಲನ ಎದೆಯಲ್ಲಿ ಒಂದು ವಾರದಿಂದ ಕುಳಿತಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಅಕ್ಷರ ಕಲಿತವರು. ಬೆಂಕಿ ಹಚ್ಚಿದವನು ತಾನು, ಆರಿಸಬೇಕಾದವನೂ ತಾನೇ.

ಅವನು ಕಡ್ಡಿಯ ತುದಿಯಿಂದ ಹಾಳೆಯ ಬುಡದ ಒಂದು ಸಣ್ಣ ಸಿಪ್ಪೆ ಎಬ್ಬಿಸಿ ಮುದುಕರ ಮೂಗಿನ ಹತ್ತಿರ ಹಿಡಿದ.

"ಮೂಸಿ ನೋಡಿ."

ರೆಬ್ ಝೆಲಿಗ್ ಮೂಸಿದರು. "ಲವಂಗ."

"ಫೈವೆಲನ ಅಂಟು. ಗೋಧಿ ಹಿಟ್ಟು ಕುದಿಸಿ, ಹುಳು ಹಿಡೀದೆ ಇರ್ಲಿ ಅಂತ ಲವಂಗದೆಣ್ಣೆ ಹಾಕ್ತಾನೆ. ಊರಲ್ಲಿ ಬೇರೆ ಯಾರೂ ಹಾಕಲ್ಲ. ಹಳದಿಗೆ ತಿರುಗುತ್ತೆ ನೋಡಿ, ಒಳಗೆ ಹೊಟ್ಟಿನ ಚುಕ್ಕೆ ಕಾಣುತ್ತೆ. ಬೇಸಿಗೇಲಿ ಬೆನ್ನಿಗೆ ಹಚ್ಚಿದ್ದು ಇದು. ಈಗ ಇದರ ಕೆಳಗೆ ನೋಡಿ."

ಮುದುಕರು ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಬಾಗಿದರು. ಹಳದಿ ಅಂಟಿನ ಕೆಳಗೆ ಇನ್ನೊಂದು ಪದರವಿತ್ತು. ಬಣ್ಣವಿಲ್ಲದ, ಹೊಳೆಯುವ, ಬಟ್ಟೆಗೆ ಹಾಕಿದ ಗಂಜಿ ಒಣಗಿದಂಥ ಪದರ. ಸುಳ್ಳು ಹಾಳೆಯನ್ನು ಹಿಡಿದು ನಿಲ್ಲಿಸಿದ್ದು ಅದೇ.

ಅನ್ಶೆಲ್ ನಿಧಾನವಾಗಿ ಹೇಳಿದ. ಹಾಳೆ ಅಂಟಿಸಿದ್ದು ಮೊದಲು, ಫೈವೆಲನ ಕೆಲಸ ಆದದ್ದು ಆಮೇಲೆ. ಗ್ರಂಥ ಅವನ ಅಂಗಡಿಗೆ ಹೋಗುವ ಹೊತ್ತಿಗೇ ಅಸಲು ಹಾಳೆ ಮಾಯವಾಗಿತ್ತು. ಫೈವೆಲ್ ಬೆನ್ನು ಬಿಚ್ಚಿ ಕಟ್ಟಿದನೇ ಹೊರತು ಹಾಳೆ ತಿರುವಿಲ್ಲ, ಬೇರೆಯವರ ಪುಸ್ತಕ ಓದುವ ಅಭ್ಯಾಸ ಅವನಿಗಿಲ್ಲ.

ಮುದುಕರ ಮುಖ ಸ್ವಲ್ಪ ಸಡಿಲವಾಯಿತು. ಅಷ್ಟರಲ್ಲಿ ಕಿಟಕಿಯ ಬಳಿ ನಿಂತಿದ್ದ ಗೆಟ್ಸೆಲ್ ಗಂಟಲು ಸರಿಮಾಡಿಕೊಂಡ.

"ರೆಬ್ ಅನ್ಶೆಲ್, ತಪ್ಪು ತಿಳೀಬೇಡಿ. ಅಂಗಡೀಲಿ ಎರಡು ಡಬ್ಬಿ ಅಂಟು ಇಟ್ಕೊಳ್ಳೋದು ಅಪರಾಧ ಅಲ್ಲ. ನಿರಪರಾಧಿ ಅನ್ನೋದಕ್ಕೆ ಪುರಾವೇನೂ ಅಲ್ಲ. ಬೆಳಿಗ್ಗೆ ಒಂದು ಹಚ್ಚಿ, ಸಂಜೆ ಇನ್ನೊಂದು ಹಚ್ಚಿರಬಹುದು."

"ಫೈವೆಲ್ ಹುಟ್ಟಿದಾಗಿಂದ ಎರಡನೇ ಡಬ್ಬಿ ಇಟ್ಟೋನಲ್ಲ."

"ಅದನ್ನ ನೀವು ಹೇಳ್ತೀರಿ, ಅವನ ಸ್ನೇಹಿತರು. ನಾಳೆ ಪೀಠದಲ್ಲಿ ಕೇಳೋದು, ಅವನಲ್ಲದಿದ್ರೆ ಮತ್ಯಾರು ಅಂತ. ಅದಕ್ಕೆ ನಿಮ್ಮ ಹತ್ರ ಹೆಸರಿದೆಯಾ?"

ಹೆಸರಿರಲಿಲ್ಲ. ಅನ್ಶೆಲ್ ಕಡ್ಡಿಯನ್ನು ಬಟ್ಟೆಯ ಮೇಲಿಟ್ಟ.

ಗೆಟ್ಸೆಲ್ ಕೋಟು ಹಾಕಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆ ಹುಡುಗಿ ನನಗೂ ಇಷ್ಟ," ಎಂದ. "ಅವಳ ಕಾಲ್ಗುಣ ಒಳ್ಳೇದು ಅಂತ ನನ್ನ ಹೆಂಡ್ತಿ ಹೇಳದ ದಿನ ಇಲ್ಲ. ಆದ್ರೆ ಕಳ್ಳನ ಮನೆಯಿಂದ ಸೊಸೆ ತರಕ್ಕಾಗಲ್ಲ. ನಾಳೆ ಹತ್ತು ಗಂಟೆವರೆಗೂ ಕಾಯ್ತೀನಿ. ಅದಾದ್ಮೇಲೆ ನನ್ನ ಕೈಲೂ ಇಲ್ಲ."

ಬಾಗಿಲ ಚೌಕಟ್ಟಿನ ಪವಿತ್ರ ಸುರುಳಿಯನ್ನು ಮುಟ್ಟಿ, ಬೆರಳಿಗೆ ಮುತ್ತಿಟ್ಟು, ಅವನು ಇಳಿದು ಹೋದ. ಮಾತು ಕಹಿಯಾಗಿದ್ದರೂ ತಪ್ಪಲ್ಲ ಎಂದು ಅನ್ಶೆಲನಿಗೆ ಅನ್ನಿಸಿತು. ಈ ಬೀದಿಯಲ್ಲಿ ಒಮ್ಮೆ ಮುರಿದ ಸಂಬಂಧದ ಹುಡುಗಿಗೆ ಎರಡನೆಯ ಸಂಬಂಧ ಬರುವುದು ಕಷ್ಟ. ಹಿಂಡಾಳ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು.

ಅವನು ಹೊಳೆಯುವ ಅಂಟಿನ ಒಂದು ಚೂರನ್ನು ಕಾಗದದಲ್ಲಿ ಮಡಚಿ ಜೇಬಿಗಿಟ್ಟುಕೊಂಡು ಹೊರಟ.

* * *

ಫೈವೆಲನ ಅಂಗಡಿ ಬೀದಿಯ ಮಟ್ಟಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ. ಯಾವಾಗ ಹೋದರೂ ಕಾಲಿಡಲು ಜಾಗವಿಲ್ಲದಷ್ಟು ಪ್ರಾರ್ಥನೆಯ ಪುಸ್ತಕಗಳು ಬೆನ್ನು ಕಳಚಿಕೊಂಡು ಸಾಲುಗಟ್ಟಿರುತ್ತಿದ್ದವು. ಇವತ್ತು ನೆಲ ಕಾಣುತ್ತಿತ್ತು. ಒಂದು ವಾರದಲ್ಲಿ ಮೂರು ಪಾಠಶಾಲೆಯವರು ಬಂದು ತಮ್ಮ ಪುಸ್ತಕಗಳನ್ನು ಹಾಗೆಯೇ, ಅರೆಬರೆ ಕಟ್ಟಿದ್ದನ್ನು, ಹೊತ್ತುಕೊಂಡು ಹೋಗಿದ್ದರು.

ಫೈವೆಲ್ ಒತ್ತುಯಂತ್ರದ ಹಿಡಿಕೆಗೆ ಕೈ ಊರಿ ಸುಮ್ಮನೆ ನಿಂತಿದ್ದ. ಮೂಲೆಯಲ್ಲಿ ಹಿಂಡಾ ಮದುವೆಯ ಕರೆಯೋಲೆಗಳ ಮೇಲೆ ವಿಳಾಸ ಬರೆಯುತ್ತಿದ್ದಳು. ಬರೆಯುತ್ತಿದ್ದಳು ಎನ್ನುವುದಕ್ಕಿಂತ, ಬರೆದ ಲಕೋಟೆಯನ್ನೇ ಮತ್ತೆ ಮತ್ತೆ ಸರಿಯಾಗಿ ಜೋಡಿಸುತ್ತಿದ್ದಳು. ಹಂಚಬೇಕೋ ಬೇಡವೋ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅನ್ಶೆಲನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವನು ಕಾಗದ ಬಿಚ್ಚಿ ಅಂಟಿನ ಚೂರು ತೋರಿಸಿದ. ಫೈವೆಲ್ ಬೆರಳಿಗೆ ನೀರು ಮುಟ್ಟಿಸಿ, ಚೂರನ್ನು ಹೆಬ್ಬೆರಳಿನ ಅಡಿಯಲ್ಲಿಟ್ಟು ಹೊಸಕಿದ. ಒಂದು ವಾರದಲ್ಲಿ ಮೊದಲ ಸಲ ಅವನ ಮುಖದ ಮೇಲೆ ಹಳೆಯ ಕಸುಬುದಾರನ ತಾತ್ಸಾರ ಬಂತು.

"ಆಲೂಗಡ್ಡೆ," ಎಂದ.

"ಏನು?"

"ಆಲೂಗಡ್ಡೆ ಹಿಟ್ಟು ಕಣೋ. ಯಾವ ಕತ್ತೆ ಹಚ್ಚಿದ್ದು ಇದನ್ನ? ವರ್ಷ ತುಂಬೋದ್ರೊಳಗೆ ಸಿಪ್ಪೆ ಏಳುತ್ತೆ. ಗೋಧಿ ಸಿಗದ ಊರಲ್ಲಿ ಇರೋನು ಹಚ್ಚಬೇಕಷ್ಟೆ."

"ಗೋಧಿ ಸಿಗದ ಊರು ಯಾವುದಿದೆಯೋ ಮಾರಾಯ?"

ಫೈವೆಲ್ ಭುಜ ಕುಣಿಸಿದ. ಉತ್ತರ ಬಂದದ್ದು ಮೂಲೆಯಿಂದ, ಲಕೋಟೆಗಳ ಹಿಂದಿನಿಂದ.

"ಪೆಸಹದ ವಾರದಲ್ಲಿ ಇಲ್ಲೇ ಸಿಗಲ್ಲ ಮಾಮ," ಎಂದಳು ಹಿಂಡಾ, ತಲೆ ಎತ್ತದೆ. "ಹಬ್ಬದಲ್ಲಿ ತಂಗಿಯರು ಹಾಡಿನ ಪುಸ್ತಕ ಹರಿದ್ರೆ ಅಮ್ಮ ಆಲೂಗಡ್ಡೆ ಹಿಟ್ಟಲ್ಲೇ ಅಂಟಿಸೋದು."

ಅನ್ಶೆಲ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಪುರಿಮ್ ಆಗಿ ತಿಂಗಳಿಗೆ ಬರುವ ಪೆಸಹದ ಏಳು ದಿನ ಗೋಧಿಯ ಹಿಟ್ಟು, ರೊಟ್ಟಿ, ಧಾನ್ಯದ ಮದ್ಯ, ಒಂದು ಚಿಟಿಕೆಯೂ ಮನೆಯಲ್ಲಿ ಇರಕೂಡದು. ತಿನ್ನಕೂಡದು ಮಾತ್ರವಲ್ಲ, ಒಡೆತನದಲ್ಲೇ ಇರಕೂಡದು. ಅಂಟಿನ ಡಬ್ಬಿಯೂ ಇದಕ್ಕೆ ಸೇರಿದ್ದೇ. ಕಂಡವರ ಪುಸ್ತಕದಿಂದ ಹಾಳೆ ಕೀಳುವಾಗ ಕೈ ನಡುಗದ ಮಹಾನುಭಾವನಿಗೆ, ಹಬ್ಬದಲ್ಲಿ ಹಿಟ್ಟು ಮುಟ್ಟಲು ಕೈ ನಡುಗಿತ್ತು. ಕಳ್ಳ ಹೊರಗಿನವನಲ್ಲ. ಶಾಸ್ತ್ರ ಬಲ್ಲವನು, ಪಾಲಿಸುವವನು, ತಮ್ಮವನೇ.

ಅನ್ಶೆಲ್ ಜೇಬಿನಿಂದ ಬರೀ ಮಾತಿಗಷ್ಟೇ ಬರುವ ತನ್ನ ಹಳೆಯ ಫೋನು ತೆಗೆದು ರೆಬ್ ಝೆಲಿಗರಿಗೆ ಕರೆ ಮಾಡಿದ. ಪೆಸಹದ ವಾರ ಬೀರುವಿನ ಕೀಲಿ ಎಲ್ಲಿತ್ತು ಎಂದು ಕೇಳಿದ.

"ಆ ವಾರ," ಎಂದರು ಮುದುಕರು, "ಬೀರು ನಂದಲ್ಲ."

ರೆಬ್ ಝೆಲಿಗರ ಮಡಿ ಬೀದಿಗೆಲ್ಲ ಗೊತ್ತಿದ್ದದ್ದೇ, ಆದರೆ ಇಷ್ಟು ಎಂದು ಅನ್ಶೆಲನಿಗೂ ಗೊತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಎಲ್ಲರೂ ಮನೆಯಲ್ಲುಳಿದ ಹಿಟ್ಟು, ಮದ್ಯವನ್ನು ಒಂದು ಕಪಾಟಿನಲ್ಲಿಟ್ಟು, ರಬ್ಬಿಯ ಮೂಲಕ ಯೆಹೂದಿಯಲ್ಲದ ಒಬ್ಬನಿಗೆ ಪತ್ರ ಮಾಡಿ ಮಾರುತ್ತಾರೆ. ಹಬ್ಬ ಮುಗಿದ ಮೇಲೆ ರಬ್ಬಿ ವಾಪಸು ಕೊಳ್ಳುತ್ತಾರೆ. ಮುದುಕರು ಪುಸ್ತಕದ ಬೀರುವನ್ನೂ ಮಾರುತ್ತಿದ್ದರು. ಹಳೆಯ ಕಟ್ಟುಗಳಲ್ಲೆಲ್ಲ ಗೋಧಿಯ ಅಂಟಿರುತ್ತದಲ್ಲ, ಅದಕ್ಕೆ. ಬೇರೆಯವರು ಕೀಲಿ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಇವರು ಬೀರುವಿನ ಕೀಲಿ, ಜೊತೆಗೆ ಆ ಕೋಣೆಗೆ ಹೋಗುವ ಹಿಂದಿನ ವರಾಂಡದ ಬಾಗಿಲಿನ ಕೀಲಿ, ಎರಡನ್ನೂ ಲಕೋಟೆಯಲ್ಲಿ ಹಾಕಿ ಕೊಂಡವನಿಗೇ ಕಳಿಸುತ್ತಿದ್ದರು.

"ಇದನ್ನ ಯಾಕೆ ಮೊದಲೇ ಹೇಳ್ಲಿಲ್ಲ?" ಅನ್ಶೆಲನ ದನಿ ಏರಿತು.

"ನನ್ನ ಪುಸ್ತಕ ಯಾರ ಕೈಗೆ ಹೋಗಿತ್ತು ಅಂತ ಕೇಳಿದೆ ನೀನು. ಆ ವಾರ ಅದು ನನ್ನ ಪುಸ್ತಕವೇ ಅಲ್ವಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ಪೂರ್ತಿ ನಂಬಿ ಹೇಳುತ್ತಿದ್ದರು. ಆ ಏಳು ದಿನ ಬೀದಿಯಲ್ಲಿ ಯಾರ ಎಣಿಕೆಗೂ ಬಂದಿರಲಿಲ್ಲ, ಪುಸ್ತಕದ ಡಾಕ್ಟರನ ಎಣಿಕೆಗೂ.

* * *

ಹಳೆಯ ಪಟ್ಟಣದ ಗೋಡೆಯೊಳಗೆ, ಆರ್ಮೇನಿಯನ್ನರ ಕೇರಿಯಲ್ಲಿ ಹಾಗೋಪನ ಔಷಧಿ ಅಂಗಡಿ. ಅನ್ಶೆಲ್ ಹೋದಾಗ ಮೂರು ಗಂಟೆ, ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ರಬ್ಬಿ ಯೆರುಹಾಮರಿಂದ ವರ್ಷಾವರ್ಷ ಇಡೀ ಬೀದಿಯ ಹಿಟ್ಟು ಮದ್ಯ ಕೊಳ್ಳುವ ದೊಡ್ಡ ಮನುಷ್ಯ ಈ ಹಾಗೋಪನೇ. ಎಪ್ಪತ್ತು ದಾಟಿದ್ದರೂ ಬಿಳಿ ಕೋಟಿನ ಗುಂಡಿ ಒಂದೂ ಬಿಡದೆ ಹಾಕಿಕೊಂಡು ಕೂರುತ್ತಾನೆ.

"ಓ, ಬನ್ನಿ ಬನ್ನಿ. ವರ್ಷಕ್ಕೆ ಏಳು ದಿನ ನಾನೂ ಶ್ರೀಮಂತ. ಉಳಿದ ದಿನ ಕೆಮ್ಮಿನ ಔಷಧಿ ಮಾರ್ಕೊಂಡು ಬಿದ್ದಿರ್ತೀನಿ," ಎಂದು ಅವನು ಕೇಳದೆಯೇ ಕಾಗದದ ಲೋಟದಲ್ಲಿ ಕಪ್ಪು ಕಾಫಿ ಸುರಿದ. ತನ್ನ ಮನೆಯ ಲೋಟದಲ್ಲಿ ಅನ್ಶೆಲ್ ಕುಡಿಯುವುದಿಲ್ಲ ಎಂದು ಅವನಿಗೆ ಗೊತ್ತು.

ಅನ್ಶೆಲ್ ಕಾಫಿ ಮುಟ್ಟಲಿಲ್ಲ. ರೆಬ್ ಝೆಲಿಗರ ಬೀರುವಿನ ಕೀಲಿ ಕಳೆದ ಪೆಸಹದಲ್ಲಿ ಇಲ್ಲಿಗೆ ಬಂದಿತ್ತೇ, ಬಂದಮೇಲೆ ಇಲ್ಲೇ ಇತ್ತೇ ಎಂದು ಕೇಳಿದ.

ಹಾಗೋಪ್ ನೆನಪು ಮಾಡಿಕೊಳ್ಳಲು ತಿಣುಕಲಿಲ್ಲ. ಕೀಲಿ ಬಂದಿತ್ತು. ಹಬ್ಬದ ಮೂರನೆಯ ದಿನ ಬೆಳಿಗ್ಗೆ ಒಬ್ಬರು ಬಂದು ತೆಗೆದುಕೊಂಡು ಹೋಗಿ, ಮಧ್ಯಾಹ್ನ ವಾಪಸು ಕೊಟ್ಟರು ಎಂದ. ಮೂರನೆಯ ದಿನ ಬೆಳಿಗ್ಗೆ ಬೀದಿಯ ಗಂಡಸರೆಲ್ಲ ಪಶ್ಚಿಮ ಗೋಡೆಯ ಬಳಿ ಪುರೋಹಿತರ ಆಶೀರ್ವಾದಕ್ಕೆ ನೆರೆದಿರುತ್ತಾರೆ. ರೆಬ್ ಝೆಲಿಗರ ವರಾಂಡದಲ್ಲಿ ಬೆಕ್ಕೂ ಇರುವುದಿಲ್ಲ.

"ಯಾರೋ ಬಂದು ಕೇಳಿದ ಕೂಡಲೆ ಕೀಲಿ ಕೊಟ್ಬಿಟ್ರಾ?"

"ಯಾರೋ ಅಲ್ಲ. ತಮ್ಮ ವಸ್ತು ತಗೊಳ್ಳಕ್ಕೆ ಬಂದವರು. ಕೊಡದೆ ಇರಕ್ಕಾಗುತ್ತಾ?"

ಅನ್ಶೆಲನಿಗೆ ಅರ್ಥವಾಗಲಿಲ್ಲ. "ತಮ್ಮ ವಸ್ತು ಅಂದ್ರೆ?"

"ಒಂದು ಹಾಳೆ. ನಾನೇ ಮಾರಿದ್ದು."

ಅನ್ಶೆಲ್ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಮಾರಿದ್ರಾ?"

"ನನ್ನ ಬೀರು, ನನ್ನ ಪುಸ್ತಕ, ನಾನು ಮಾರಿದೆ. ಹಾಗಂತ ನಿಮ್ಮ ರಬ್ಬಿಗಳೇ ವರ್ಷಾವರ್ಷ ಹೇಳ್ತಾರಲ್ಲ, ಇದು ನಾಟಕ ಅಲ್ಲ, ಏಳು ದಿನ ನೀವೇ ನಿಜವಾದ ಮಾಲೀಕರು, ಬೇಕಾದ್ದು ಮಾಡ್ಬಹುದು ಅಂತ. ಒಂದು ಶೆಕೆಲ್ ಕೊಟ್ರು, ತಗೊಂಡೆ. ನಿಮ್ಮ ಶಾಸ್ತ್ರದಲ್ಲಿ ಇದೂ ಒಂದು ಪದ್ಧತಿ ಇರ್ಬೇಕು ಅಂದ್ಕೊಂಡೆ." ಹಾಗೋಪನ ಮುಖದಲ್ಲಿ ಈಗ ಆತಂಕ ಕಾಣಿಸಿತು. "ಯಾಕೆ, ತಪ್ಪಾಯ್ತಾ?"

ಇಂಥದೊಂದು ಉಪಾಯ ಮನುಷ್ಯನ ತಲೆಯಲ್ಲಿ ಹುಟ್ಟಬಹುದು ಎಂದು ಅನ್ಶೆಲ್ ಕನಸಿನಲ್ಲೂ ಎಣಿಸಿರಲಿಲ್ಲ. ಕಳ್ಳತನವೇ ನಡೆದಿರಲಿಲ್ಲ. ಏಳು ದಿನದ ಮಾಲೀಕನಿಂದ ಒಬ್ಬ ಒಂದು ಹಾಳೆಯನ್ನು ಕ್ರಮವಾಗಿ ಕೊಂಡಿದ್ದ. ನಾಳೆ ನ್ಯಾಯಪೀಠ ಇದನ್ನು ಕಳ್ಳತನ ಎನ್ನಬೇಕಾದರೆ, ಹಾಗೋಪ್ ಮಾಲೀಕನೇ ಅಲ್ಲ, ಮಾರಾಟವೆಲ್ಲ ಬರೀ ನಾಟಕ ಎನ್ನಬೇಕು. ಹಾಗೆಂದರೆ ಬೀದಿಯ ಪ್ರತಿ ಮನೆಯವನೂ ಪೆಸಹದ ಏಳು ದಿನ ನಿಷಿದ್ಧ ಹಿಟ್ಟಿನ ಮಾಲೀಕನಾಗಿ ಪಾಪ ಕಟ್ಟಿಕೊಂಡಂತೆ. ಯಾವ ರಬ್ಬಿಯ ನಾಲಿಗೆ ಅಷ್ಟು ದೂರ ಹೊರಳುತ್ತದೆ?

ಹಾಗೋಪ್ ಒಳಗೆ ಹೋಗಿ ಒಂದು ರಟ್ಟಿನ ಡಬ್ಬಿ ತಂದ. ಔಷಧಿ ಚೀಟಿಗಳನ್ನು ಐವತ್ತು ವರ್ಷ ತಾರೀಖಿನ ಪ್ರಕಾರ ಇಟ್ಟವನು, ಹಾಳೆ ಮಾರಿದ ಚೀಟಿಯನ್ನೂ ಹಾಗೆಯೇ ಇಟ್ಟಿದ್ದ. ಹುಡುಕುತ್ತಾ ಹೇಳಿದ: "ಪಾಪ, ಒಳ್ಳೇ ಮನುಷ್ಯ. ವಾಪಸು ಕೀಲಿ ಕೊಡಕ್ಕೆ ಬಂದಾಗ ಆ ಹಾಳೇನ ಎದೆಗೆ ಒತ್ಕೊಂಡು, ಅದರ ಅಂಚಿಗೆ ಮುತ್ತಿಟ್ಟು, ಇಲ್ಲೇ ಈ ಕುರ್ಚಿ ಮೇಲೆ ಕೂತು ಅತ್ತರು. ನೀರು ಕೊಟ್ಟೆ. ಬೇಡ ಅಂದ್ರು."

ಕಾಗದ ಅನ್ಶೆಲನ ಕೈಗೆ ಬಂತು.

ಅಕ್ಷರ ನೋಡಿದೊಡನೆ ಹೆಸರು ಓದುವ ಅಗತ್ಯವೇ ಬೀಳಲಿಲ್ಲ. ತನ್ನ ಮದುವೆಯ ಪತ್ರ ಬರೆದ ಕೈಯನ್ನು ಯಾರು ಮರೆಯುತ್ತಾರೆ? ಆದರೂ ಓದಿದ. ಇಂಥ ಗ್ರಂಥದ ಎಪ್ಪತ್ತಮೂರನೆಯ ಹಾಳೆ, ಹಬ್ಬದ ಮೂರನೆಯ ದಿನದಿಂದ ಜಾರಿಗೆ ಬರುವಂತೆ, ಮಾರಿದವನು ಹಾಗೋಪ್. ಕೊಂಡವನು ಗೆಟ್ಸೆಲ್.

ಇವತ್ತು ಬೆಳಿಗ್ಗೆ ಕಿಟಕಿಯ ಬಳಿ ನಿಂತು, ಹೆಸರಿದೆಯಾ ಎಂದು ಕೇಳಿದ ಗೆಟ್ಸೆಲ್. ಕಳ್ಳನ ಮನೆಯಿಂದ ಸೊಸೆ ತರಲಾಗದು ಎಂದವನು. ತಾನು ಕೊಂಡ ಹಾಳೆಗೆ ಫೈವೆಲ್ ಕಳ್ಳನಾಗುವುದನ್ನು ಒಂದು ವಾರದಿಂದ ಬಾಯಿ ಮುಚ್ಚಿಕೊಂಡು ನೋಡಿದವನು. ಕೊಂಡದ್ದು ನ್ಯಾಯವಾಗಿಯೇ ಆಗಿದ್ದರೆ ಆ ಜಾಗಕ್ಕೆ ಸುಳ್ಳು ಹಾಳೆ ಯಾಕೆ ಅಂಟಿಸಿದ? ಅಷ್ಟು ಅತ್ತವನು ಆ ಆರು ಸಾಲಿನಲ್ಲಿ ಏನು ಕಂಡಿದ್ದ? ಅನ್ಶೆಲನಿಗೆ ಸಿಟ್ಟು ಬರಬೇಕಿತ್ತು, ಅದು ಇನ್ನೂ ಬಂದಿರಲಿಲ್ಲ.

ಅದರ ಬದಲು ಕಣ್ಣ ಮುಂದೆ ಬಂದದ್ದು ಲಕೋಟೆ ಜೋಡಿಸುತ್ತಿದ್ದ ಹಿಂಡಾ. ತಾನು ಬಾಯಿ ಮುಚ್ಚಿಕೊಂಡರೆ ಅವಳ ಅಪ್ಪ ಕಳ್ಳ, ಮದುವೆ ಮುರಿಯುತ್ತದೆ. ಬಾಯಿ ಬಿಟ್ಟರೆ ಅವಳ ಮಾವ ವಂಚಕ, ಆಗಲೂ ಮುರಿಯುತ್ತದೆ. ಆಲೂಗಡ್ಡೆಯ ದಾರಿ ತೋರಿಸಿದವಳು ಅವಳೇ.

ಫೋನು ಬಡಿದುಕೊಂಡಿತು. ಫೈವೆಲ್. ಅವನ ದನಿ ಗುರುತೇ ಸಿಗದಷ್ಟು ಬದಲಾಗಿತ್ತು.

"ಅನ್ಶೆಲ್, ಬೀಗರು ಬಂದಿದ್ರು ಕಣೋ. ಅವರಾಗೇ ಅಂಗಡಿಗೆ ಬಂದು ನನ್ನ ಕೈ ಹಿಡ್ಕೊಂಡ್ರು. ನ್ಯಾಯಪೀಠದಲ್ಲಿ ಎಳೆದಾಟ ಬೇಡ, ಅನ್ಶೆಲ್ ಒಬ್ಬರೇ ಬಂದು ಸಾಕ್ಷಿ ಹೇಳ್ಲಿ, ಅವರು ಏನು ಹೇಳಿದ್ರೂ ಕಣ್ಣು ಮುಚ್ಕೊಂಡು ಒಪ್ಕೋತೀನಿ ಅಂದ್ರು. ಹಿಂಡಾ ಎದುರಿಗೇ ಅಂದ್ರು."

ಗೆಟ್ಸೆಲ್ ಹಾಗೆ ಅನ್ನಲು ಕಾರಣವೇನು ಎಂದು ಅನ್ಶೆಲನಿಗೆ ಹೊಳೆಯಲಿಲ್ಲ. ಪಶ್ಚಾತ್ತಾಪವೇ? ಇರಬಹುದು ಎಂದು ಒಂದು ಕ್ಷಣ ಆಸೆಯಾಯಿತು. ಆ ಆಸೆಯಲ್ಲೇ ಬಾಯಿ ತಪ್ಪಿತು.

"ಫೈವೆಲ್, ನೀನಲ್ಲ ಅನ್ನೋದಕ್ಕೆ ಪುರಾವೆ ಸಿಕ್ತು. ಆ ಮನುಷ್ಯನೂ ಸಿಕ್ಕಿದ."

ಆ ಕಡೆ ಫೈವೆಲ್ ಉಸಿರು ಬಿಟ್ಟದ್ದು, ಮಗಳನ್ನು ಕೂಗಿದ್ದು ಕೇಳಿಸಿತು. ಈ ಕಡೆ ಹಾಗೋಪ್ ಮೆಲ್ಲಗೆ ಅನ್ಶೆಲನ ತೋಳು ಮುಟ್ಟಿ, ಕಾಗದದ ಇನ್ನೊಂದು ಮಗ್ಗುಲನ್ನೂ ನೋಡಿ ಎಂದ. ಅಲ್ಲಿ ಸಾಕ್ಷಿಗಳ ಸಹಿ ಇದೆಯಲ್ಲ, ಎಲ್ಲ ಗೊತ್ತಿರುವ ನೀವೇ ಈಗ ಹೊಸದಾಗಿ ಕೇಳುತ್ತಿದ್ದೀರಿ ಎಂದು ತನಗೆ ಆಗಿನಿಂದ ವಿಚಿತ್ರ ಅನ್ನಿಸುತ್ತಿದೆ ಎಂದ.

ಅನ್ಶೆಲ್ ಕಾಗದ ತಿರುಗಿಸಿದ.

ಎರಡು ಸಹಿಗಳಿದ್ದವು. ಒಂದು, ಬೀದಿಯ ಸಭಾಮಂದಿರದ ಮುದುಕ ಸೇವಕನದು. ಅವನು ಬೇಸಿಗೆಯಲ್ಲಿ ತೀರಿಕೊಂಡಿದ್ದ. ಎರಡನೆಯದು ಅನ್ಶೆಲನದೇ. ಹಬ್ಬದ ಹಿಂದಿನ ಬೆಳಿಗ್ಗೆ, ಹತ್ತು ಗಂಟೆಯೊಳಗೆ ಮನೆಯ ಕೊನೆಯ ರೊಟ್ಟಿಯನ್ನು ಸುಟ್ಟು ಬೂದಿ ಮಾಡಬೇಕೆಂಬ ಅವಸರದಲ್ಲಿ, ರಬ್ಬಿಯ ಕೋಣೆಯಲ್ಲಿ ಮುನ್ನೂರು ಮನೆಗಳ ಮಾರಾಟಪತ್ರಕ್ಕೆ ಸಾಲಾಗಿ ಹಾಕಿದ ಸಹಿ. ಗೆಟ್ಸೆಲ್ ಪಕ್ಕದಲ್ಲಿ ನಿಂತು ಒಂದೊಂದೇ ಕಾಗದ ತಿರುವಿ ಬೆರಳಿಟ್ಟು ತೋರಿಸಿದ್ದ. ಆ ಕಟ್ಟಿನ ನಡುವೆ ಈ ಕಾಗದವೂ ಸೇರಿತ್ತು, ಅನ್ಶೆಲ್ ಒಂದನ್ನೂ ಓದಿರಲಿಲ್ಲ.

ಓದಿ ಸಹಿ ಮಾಡಿದೆ ಎಂದರೆ, ಎಲ್ಲ ಗೊತ್ತಿದ್ದೂ ಫೈವೆಲನನ್ನು ಬೀದಿಗೆಳೆದವನು ತಾನಾಗುತ್ತಾನೆ. ಓದಿಲ್ಲ ಎಂದರೆ, ಉಳಿದ ಮುನ್ನೂರು ಪತ್ರಗಳಿಗೂ ಅವನು ಓದದೆ ಸಾಕ್ಷಿ ಹಾಕಿದವನು, ಅವೂ ನಿಲ್ಲುವುದಿಲ್ಲ. ಆಮೇಲೆ ಅವನ ಯಾವ ಮಾತನ್ನು ಯಾರು ನಂಬುತ್ತಾರೆ, ಫೈವೆಲ್ ನಿರಪರಾಧಿ ಎಂಬ ಮಾತನ್ನೂ ಸೇರಿಸಿ? ಅನ್ಶೆಲ್ ಒಬ್ಬನ ಸಾಕ್ಷಿಯೇ ಸಾಕು ಎಂದು ಗೆಟ್ಸೆಲ್ ಹೇಳಿದ್ದು ಇದಕ್ಕೇ.

ಫೋನಿನಲ್ಲಿ ಈಗ ಫೈವೆಲ್ ಇರಲಿಲ್ಲ. ಹಿಂಡಾಳ ದನಿ ಬಂತು, ಓಡಿ ಬಂದ ಏದುಸಿರಿನಲ್ಲಿ.

"ಮಾಮ, ಸಿಕ್ಕಿದನಂತೆ. ಯಾರು ಮಾಮ ಅವನು?"